ಅರ್ಧ ಡಿಗ್ರಿ ಬಿಡದ ಗುರುಸ್ವಾಮಿ

ಚನ್ನಗಿರಿಯಲ್ಲಿ ರೋಗಿಗಳಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಗುರುಸ್ವಾಮಿಯನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಬಸ್‌ ನಿಲ್ದಾಣದಲ್ಲಿ ಮೈಮುರಿದಿದ್ದರೆ ಅವನು ನಿಮ್ಮನ್ನು ಅಳೆದೇ ಇರುತ್ತಾನೆ. ಜೇಬಿನಲ್ಲಿ ಕೀಲು ಎಷ್ಟು ಮಡಚುತ್ತದೆಂದು ನೋಡುವ ಕೋನಮಾಪಕ, ಹೆಗಲ ಚೀಲದಲ್ಲಿ ಹಿಡಿಯ ಬಲ ತೋರಿಸುವ ಮುಳ್ಳಿನ ಯಂತ್ರ. ನಮಸ್ಕಾರ ಮಾಡಿದವರಿಗೆ ತಿರುಗಿ ಕೈ ಮುಗಿಯುವ ಮೊದಲು ಅವರ ಮೊಣಕೈಗೆ ಮಾಪಕ ಹಿಡಿಯುತ್ತಾನೆ. ಮದುವೆಯ ಪಂಕ್ತಿಯಲ್ಲಿ ಎದುರು ಕೂತವರ ಮಂಡಿ ನೋಡುತ್ತ ತನ್ನ ಅನ್ನ ಆರಿ ತಣ್ಣಗಾಗಲು ಬಿಡುತ್ತಾನೆ. ಬಸವಾಪಟ್ಟಣದ ಗನಿಸಾಬ ಸೋತ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಬಲಗೈಯಲ್ಲಿ ಯಂತ್ರ ಹಿಂಡಿ, "ಒಂದು ಕೆಜಿ ಜಾಸ್ತಿ ಬರ್ಕಳ್ರೀ, ಊರಾಗೆ ಮರ್ಯಾದೆ ಐತೆ" ಎಂದರೆ, "ಮುಳ್ಳು ನಿಮ್ಮ ಷಡ್ಕ ಅಲ್ಲ ಸಾಬ್ರೇ, ಆ ಎಡಗೈ ತೆಗೀರಿ" ಎನ್ನುತ್ತಾನೆ. ಅರ್ಧ ಡಿಗ್ರಿಗಾಗಿ ಅವನ ಸ್ನೇಹ ಬಿಟ್ಟವರನ್ನು ಹತ್ತಿಸಿದರೆ ಹೊನ್ನಾಳಿ ಬಸ್ಸು ತುಂಬುತ್ತದೆ. ಇಂಥವನ ಹೆಂಡತಿ ವನಜಾಕ್ಷಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ದಿನಾ ಬೆಳಿಗ್ಗೆ ಅವಳ ಕೈಯಲ್ಲಿ ಯಂತ್ರವಿಟ್ಟು, ಮುಳ್ಳನ್ನು ತನ್ನ ಕಡೆ ತಿರುಗಿಸಿಕೊಂಡು, "ನಿನ್ನೆಗಿಂತ ಒಂದು ಕೆಜಿ ಹೆಚ್ಚೈತೆ ಕಣೆ" ಎನ್ನುತ್ತಾನೆ. ಮುಳ್ಳು ಸೊನ್ನೆ ಬಿಟ್ಟು ಕದಲದ್ದನ್ನು ಅವನ ಪಕ್ಕದಲ್ಲೇ ಕೂತು ನಾನು ಕಂಡಿದ್ದೇನೆ. ಅವನ ಮಾತು ನಂಬಿದರೆ ಅವಳೀಗ ಗರಡಿಯ ಪೈಲ್ವಾನರನ್ನೂ ಮೀರಿಸಿದ್ದಾಳೆ. "ನೂರು ಕೆಜಿ ಆದ ದಿನ ಇದೇ ಕೈಯಾಗೆ ನಿಮ್ಮ ಕಿವಿ ಹಿಂಡ್ತೀನಿ ನೋಡ್ರಿ, ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ" ಎಂದು ಅವಳು ನಗುತ್ತಾಳೆ. ಇವತ್ತಿಗೆ ತೊಂಬತ್ತೊಂಬತ್ತು ಆಯಿತು. ನಾಳೆ ಕಿವಿ ಸಲೀಸಾಗಿ ಕೈಗೆ ಸಿಗಲೆಂದು ಗುರುಸ್ವಾಮಿ ಸಂಜೆಯೇ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ.