ಹ್ಯಾಂಡಲ್ ಒದ್ದ ಗಲ್ಲ

ದೊಡ್ಡಪ್ಪನ ಮಗನಿಗೂ ನನಗೂ ಇಜೇರಿ ಊರ ಹತ್ತಿರ ಒಂದೇ ಬಾವಿ, ಒಂದೇ ಆಯಿಲ್ ಇಂಜಿನ್. ಬದುವಿನ ಮೇಲಿನ ಬೇವಿನ ಗಿಡವೊಂದರ ಸಲುವಾಗಿ ಮಾತು ಬಿಟ್ಟಿದ್ದೆವು. ಇಂಜಿನ್ನಿಗೆ ನಮ್ಮ ವೈರ ಏನು ಗೊತ್ತು? ಅದನ್ನು ಚಾಲೂ ಮಾಡಲು ಇಬ್ಬರು ಬೇಕೇ ಬೇಕು. ಒಬ್ಬ ಹ್ಯಾಂಡಲ್ ತಿರುಗಿಸಿ ವೇಗ ಹಿಡಿಸಬೇಕು, ಇನ್ನೊಬ್ಬ ಹದ ನೋಡಿ ಮೇಲಿನ ಲಿವರ್ ಬಿಡಬೇಕು. ಅವಸರ ಮಾಡಿದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ.

ಎಂಬತ್ತರ ದಶಕದ ಒಂದು ದೀಪಾವಳಿಗೆ ಮುಂಚೆ ಅವನು ಹದಕ್ಕೆ ಮೊದಲೇ ಲಿವರ್ ಬಿಟ್ಟ. ಹ್ಯಾಂಡಲ್ ಕಳಚಿ ನನ್ನ ಎಡಗಲ್ಲಕ್ಕೆ ಬಡಿಯಿತು.

"ಕೈ ಜಾರ್ತಲೇ" ಎಂದ.

"ಜಾರ್ತೋ, ಜಾರಿಸಿದ್ಯೋ?" ನೆಲದ ಮೇಲೆ ಬಿದ್ದುಕೊಂಡೇ ಕೇಳಿದೆ. ಅದು ವರ್ಷಗಳ ಮೇಲೆ ನಾವಾಡಿದ ಮೊದಲ ಮಾತುಕತೆ.

ಗಲ್ಲದ ಎಲುಬು ಮುರಿದು ಒಳಗೆ ಕುಸಿದಿತ್ತು. ಗುಲಬರ್ಗಾದ ಡಾಕ್ಟರು ಕಿವಿಯ ಮೇಲೆ, ಕೂದಲೊಳಗೆ ಕೊಯ್ದು, ಅಲ್ಲಿಂದ ಸಲಾಕೆ ಹಾಕಿ ಎಲುಬನ್ನು ಮೇಲೆತ್ತಿದರು. ಮುಖ ಮೊದಲಿನಂತಾಯಿತು, ಅಂದರೆ ಅಷ್ಟೇನೂ ಚೆಲುವಾಗಲಿಲ್ಲ. ಆದರೆ ಕಣ್ಣಿನ ಕೆಳಗಿನಿಂದ ಮೇಲ್ದುಟಿಯ ತನಕ ಸ್ಪರ್ಶವೇ ಇಲ್ಲ.

"ನರ ಜಜ್ಜೇದ, ಹರದಿಲ್ಲ ಅನಸ್ತದ. ತಿಂಗಳುಗಟ್ಟಲೆ ಹಿಡೀತದ. ಸ್ಪರ್ಶ ಬರೂ ಮುಂದ ಇರಿವಿ ಹರದಾಡಿದಂಗ ಆಗ್ತದ" ಎಂದರು ಡಾಕ್ಟರು.

"ಬರ್ಲಿಲ್ಲಂದ್ರರಿ?"

"ಬರ್ಲಿಲ್ಲಂದ್ರ ಇಲ್ಲ."

ಮನೆಗೆ ಬಂದರೂ ನನ್ನ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ. ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂಡುತ್ತಿದ್ದೆ. ಹೆಂಡತಿ ಕಡ್ಡಿಯಿಂದ ಗಲ್ಲ ಮುಟ್ಟಿ ನೋಡಬೇಕು.

"ಮುಟ್ಟಿದೇನು?" ಎಂದು ಕೇಳಿದರೆ ಅಡುಗೆಮನೆಯಿಂದ ಉತ್ತರ ಬರುತ್ತಿತ್ತು: "ಆಗಳೇ ಮುಟ್ಟಿ ಬಂದೇನ್ರಿ, ರೊಟ್ಟಿ ಬಡ್ಯಾಕತ್ತೇನಿ!"

ಊರ ಹಿರಿಯರು ಕೂಡಿ ನ್ಯಾಯ ಹೇಳಿದರು. ನನ್ನ ಗಲ್ಲಕ್ಕೆ ಸ್ಪರ್ಶ ಬರುವ ತನಕ ಎರಡೂ ಮನೆಯ ನೀರಿನ ಪಾಳಿಗೆ ಅವನೇ ಹ್ಯಾಂಡಲ್ ಹೊಡೆಯಬೇಕು, ನಾನು ಲಿವರ್ ಹಿಡಿಯಬೇಕು.

"ಬಂದದ್ದು ಹೇಳಾಂವ ಯಾರ್ರಿ? ಇವನ ಅಲ್ಲೇನು?" ಅಂದ ಅವನು. "ಮೊಮ್ಮಕ್ಕಳು ಹುಟ್ಟೂತನಕ ಬರಂಗಿಲ್ಲ ಬಿಡ್ರಿ."

ಅಂದಿನಿಂದ ಅವನು ಹ್ಯಾಂಡಲ್ ಹಿಡಿಯುವ ಮುನ್ನ ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದ. ಲಿವರ್ ಬಿಡಲು ನಾನು ತಡ ಮಾಡುತ್ತಿದ್ದೆ. ಶುದ್ಧ ಅಂಜಿಕೆ ಅದು. ಅವನು ಮಾತ್ರ ಸೇಡೆಂದೇ ತಿಳಿದು ಬೆವರುತ್ತಿದ್ದ. ತಿಳಿದರೆ ತಿಳಿಯಲಿ ಎಂದುಕೊಂಡೆ.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿದ ಮೇಲೆ ಬದುವಿನಾಚೆಯವರನ್ನು ಉಣ್ಣಲು ಕರೆಯಲೇಬೇಕು, ಹಗೆಯಿದ್ದರೂ. ಕರೆದೆವು, ಬಂದ. ನನ್ನೆದುರೇ ಕುಳಿತ. ಸಜ್ಜೆರೊಟ್ಟಿ, ಬಜ್ಜಿಪಲ್ಯ ಉಣ್ಣುವಾಗ ನನ್ನ ಮೇಲ್ದುಟಿಗೆ ಪಲ್ಯ ಮೆತ್ತಿಕೊಂಡಿತ್ತಂತೆ. ನನಗೆ ಹೇಗೆ ತಿಳಿಯಬೇಕು?

"ನೋಡ್ರಿ, ನೋಡ್ರಿ, ನಾಟಕ ಮಾಡಾಕತ್ತಾನ" ಎಂದು ಅವನು ಎಲ್ಲರಿಗೂ ತೋರಿಸಿದ. ಅಷ್ಟಕ್ಕೇ ಬಿಡದೆ ಕೈ ಚಾಚಿ ನನ್ನ ಎಡಗಲ್ಲ ಚಿವುಟಿದ.

"ಯವ್ವೋ!"

ಕೂಗಿದ್ದು ನಾನೇ. ಎಲ್ಲರ ಕೈ ತುತ್ತಿನಲ್ಲೇ ನಿಂತಿತು.

"ನೋವಾತೇನಲೇ?"

"ನೋವಾತು! ಇನ್ನೊಮ್ಮಿ ಚೂಟು!" ಎಂದೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಎರಡನೆಯ ಸಲ ಅವನು ಬೇಕಂತಲೇ ತಿರುಚಿ ಚಿವುಟಿದ. ಆ ನೋವೂ ಹಬ್ಬದೂಟದಂತಿತ್ತು. ಅವನು ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಹಿರಿಯರತ್ತ ತಿರುಗಿದ.

"ಕೇಳಿದ್ರೆಲ್ಲ? ನಾಳಿಂದ ಹ್ಯಾಂಡಲ್ ಇವಂದು. ಲಿವರ್ ನಾ ಹಿಡೀತೇನಿ."

ನಗು ಅಲ್ಲಿಗೇ ನಿಂತಿತು. ಮರುದಿನ ತಲೆ, ಗಲ್ಲ, ಗದ್ದ ಎಲ್ಲ ಮುಚ್ಚುವಂತೆ ಹೆಂಡತಿಯ ಹಳೆ ಸೀರೆಯನ್ನು ಬಿಗಿಯಾಗಿ ಸುತ್ತಿಕೊಂಡು ಬಾವಿಗೆ ಹೋದೆ. ಅವನು ಲಿವರ್ ಮೇಲೆ ಬೆರಳಿಟ್ಟ. ನಾನು ಹ್ಯಾಂಡಲ್ ನೋಡದೆ ಆ ಬೆರಳನ್ನೇ ನೋಡುತ್ತ ತಿರುಗಿಸತೊಡಗಿದೆ.