ಸೋಫಾದ ಅಳತೆಗೆ ಹಾಕಿದ ಟಿವಿ

ನಡೆದದ್ದು ಇಷ್ಟೇ: ನನ್ನ ಮಗ ನೆಂಟರ ಕಣ್ಣಿಗೆಂದು ಟಿವಿ ಹಾಕಿಸಿದ, ದಿನಾ ನೋಡುವವಳು ನಾನು ಎಂಬುದನ್ನು ಮರೆತ.

ನನಗೆ ಕತ್ತಿನ ಮೂಳೆ ಸವೆದಿದೆ. ತಲೆಯೆತ್ತಿ ನೋಡಿದರೆ ಭುಜದಿಂದ ಬೆರಳಿನವರೆಗೆ ಜೋಮು ಹಿಡಿಯುತ್ತದೆ. ಸಂಜೆ ಒಂದು ಗಂಟೆ ಹೊತ್ತು ಧಾರಾವಾಹಿ ನೋಡುವುದು, ಅದೂ ನೆಲದ ಮೇಲೆ ಕಾಲು ನೀಡಿ, ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಾ. ಹಳೆಯ ಡಬ್ಬ ಟಿವಿ ಗಿಡ್ಡ ಮೇಜಿನ ಮೇಲಿತ್ತು, ತೊಂದರೆ ಇರಲಿಲ್ಲ. ಅದು ಕೆಟ್ಟಿತು, ತೆಳ್ಳನೆಯದು ಬಂತು.

ಅದನ್ನು ಗೋಡೆಗೆ ಹಾಕುವ ಸ್ಟ್ಯಾಂಡ್ ತರಲು ಭದ್ರಾವತಿಯ ಓಲ್ಡ್ ಟೌನಿನಿಂದ ಶಿವಮೊಗ್ಗಕ್ಕೆ, ಆಲ್ಕೊಳದ ಹತ್ತಿರದ ಅಂಗಡಿಗೆ, ಮಗನ ಜೊತೆ ನಾನೂ ಹೋದೆ. ಅಂಗಡಿಯವನು ಮೂರು ಬಗೆ ತೋರಿಸಿದ. ಒಂದು ಗೋಡೆಗೆ ಅಂಟಿಕೊಳ್ಳುವುದು, ಒಂದು ಮುಂದಕ್ಕೆ ಬಗ್ಗುವುದು, ಇನ್ನೊಂದು ಆಚೀಚೆ ತಿರುಗುವುದು.

"ಮನೇಲಿ ಎಲ್ಲಿ ಕೂತ್ಕೊಂಡು ನೋಡ್ತೀರಾ ಸರ್?"

"ಸೋಫಾ ಇದೆ," ಎಂದ ಮಗ.

ಇದೆ, ನಿಜ. ಅದರ ಮೇಲೆ ಬಿಳಿ ಕವರೂ ಇದೆ. ನೆಂಟರು ಬಂದಾಗ ಮಾತ್ರ ಅದನ್ನು ತೆಗೆಯುತ್ತೇವೆ. ಉಳಿದ ದಿನ ಮನೆಯವರೆಲ್ಲ ಸೋಫಾಕ್ಕೆ ಬೆನ್ನು ಕೊಟ್ಟು ಕೆಳಗೆ ಕೂರುವವರೇ, ಮಗನೂ ಸೇರಿ.

"ಬಗ್ಗೋದ್ ತಗೊಳೋ," ಎಂದೆ.

"ಅದು ಗೋಡೆ ಬಿಟ್ಟು ಮುಂದಕ್ ಬರುತ್ತಮ್ಮ. ಅಂಟ್ಕೊಂಡಿದ್ರೆ ಫೋಟೋ ಥರ ಚೆನ್ನಾಗಿರುತ್ತೆ. ನಿಂಗೊತ್ತಾಗಲ್ಲ, ಸುಮ್ನಿರು."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ತನ್ನ ಕತ್ತು ನೋಯುವುದೂ ಗೊತ್ತಾಗುವುದಿಲ್ಲ ಅಂದುಕೊಂಡನೋ ಏನೋ.

ಅಂಟಿಕೊಳ್ಳುವುದನ್ನೇ ತಂದೆವು. ಗೋಡೆ ಕೊರೆಯುವವನು ಬಂದು ಎತ್ತರ ಕೇಳಿದಾಗ ಮಗ ಕವರ್ ಸರಿಸಿ, ಸೋಫಾದ ಮೇಲೆ ನೆಟ್ಟಗೆ ಕೂತು ಬೆರಳು ತೋರಿಸಿದ. ಟೀಪಾಯಿ ಮೇಲಿನ ಹೂದಾನಿ ಅಡ್ಡ ಬರುತ್ತದೆಂದು ಇನ್ನೊಂದು ಗೇಣು ಏರಿಸಿದ. ಸ್ಕ್ರೂ ಬಿಗಿಯಾಯಿತು. ಎದ್ದು ಕವರ್ ಸರಿಮಾಡಿದ.

ಸಂಜೆ ನನ್ನ ಜಾಗದಲ್ಲಿ ಕೂತೆ. ಕೆಳಗಿನಿಂದ ಟಿವಿಯಲ್ಲಿ ಎಲ್ಲರ ಮುಖವೂ ಮಸಿ ಬಳಿದಂತೆ ಕಾಣುತ್ತಿತ್ತು. ಧಾರಾವಾಹಿ ಅರ್ಧಕ್ಕೆ ಬರುವಷ್ಟರಲ್ಲಿ ಕೈ ಮರಗಟ್ಟಿ ಮೊರ ಮಗುಚಿತು.

"ಸೋಫಾ ಮೇಲ್ ಕೂತ್ಕೊಳಮ್ಮ," ಎಂದ ಮಗ, ಚೆಲ್ಲಿದ ಕಾಳು ಬಾಚುತ್ತಾ.

"ನೀನ್ಯಾಕೋ ಕೆಳಗ್ ಕೂತಿದೀಯ?"

"ಅಭ್ಯಾಸ."

"ನಂಗೇನು ನಿನ್ನೆ ಶುರುವಾಯ್ತಾ ಮಾರಾಯ?"

ಅಡುಗೆಮನೆಯಲ್ಲಿ ಸೊಸೆ ನಕ್ಕಳು. ಮಗನಿಗೆ ರೇಗಿತು. "ನೋಡ್ತಾ ನೋಡ್ತಾ ಸರಿಹೋಗುತ್ತೆ," ಎಂದು ಚಾನೆಲ್ ಬದಲಿಸಿದ. ಏನು ಸರಿಹೋಗುತ್ತದೆ? ಟಿವಿ ಇಳಿಯುತ್ತದೋ, ನನ್ನ ಕತ್ತು ಉದ್ದವಾಗುತ್ತದೋ?

ಮಾರನೆಯ ಬೆಳಿಗ್ಗೆ ಸೊಸೆ ಟಿವಿ ಬಾಕ್ಸಿನ ಮೇಲಿದ್ದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಒಬ್ಬಳೇ ಬಸ್ಸು ಹತ್ತಿ ಅದೇ ಅಂಗಡಿಗೆ ಹೋದೆ. ಚೀಟಿ ಅಂಗಡಿಯವನ ಕೈಗಿಟ್ಟು, ಗಿರಾಕಿಗಳ ನಡುವೆ ನೆಲದ ಮೇಲೆ ಕಾಲು ನೀಡಿ ಕೂತೆ.

"ನಾನ್ ಹಿಂಗ್ ಕೂರೋಳು. ಈಗ ಆ ಬಗ್ಗೋ ಸ್ಟ್ಯಾಂಡ್ ಕೆಳಗಿಟ್ಟು, ಬಗ್ಸಿ ತೋರ್ಸಪ್ಪ," ಎಂದೆ.