ಮಾಸ್ತರ ಹೊಟ್ಟೆಯೊಳಗಿನ ಗುಂಡುಸೂಜಿ

ಮಾಸ್ತರು ಎಂದರೆ ಶಾಲೆಯ ಮಾಸ್ತರಲ್ಲ, ಟೈಲರ್ ಮಾಸ್ತರು. ಮೆಟ್ಟಿಲ ಕೆಳಗಿನ ಜಾಗದಲ್ಲಿ, ಸ್ವಲ್ಪ ಗತ್ತಿನಿಂದ ಎದ್ದು ನಿಂತರೆ ತಲೆ ತಗಲುವಂಥ ಅಂಗಡಿ. ಬಾಗಿಲ ಬಳಿ ಅವರ ಹೊಲಿಗೆ ಯಂತ್ರ, ಒಳಮೂಲೆಯಲ್ಲಿ ಸ್ಟೂಲಿನ ಮೇಲೆ ಅವರ ಹೆಂಡತಿ. ಇವರು ಕತ್ತರಿಸಿ ಹೊಲಿಯುವುದು, ಆಕೆ ಕಾಜಾ ಮಾಡಿ ಗುಂಡಿ ಹಾಕುವುದು. ಇಡೀ ದಿನ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿರುವುದರಿಂದಲೇ ಸಂಸಾರ ಸುಸೂತ್ರವಾಗಿ ನಡೆದಿದೆ ಎಂದು ಮಾಸ್ತರು ನಂಬಿದ್ದರು. ಹೆಂಡತಿಯ ನಂಬಿಕೆ ಏನೆಂದು ಯಾರೂ ಕೇಳಿರಲಿಲ್ಲ.

ಊರಿನ ಗಂಡಸರ ಹೊಟ್ಟೆಗಳೆಲ್ಲ ಮಾಸ್ತರಿಗೆ ಮುಖಪರಿಚಯ. ಟೇಪು ಸುತ್ತಲು ಬಂತೆಂದರೆ ಎಂಥವರೂ ಉಸಿರು ಕಟ್ಟಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. "ಉಸಿರು ಬಿಡಿ ಸಾರ್. ಪ್ಯಾಂಟು ಹೊಲೀತಿರೋದು ನಿಮಗೆ, ನಿಮ್ಮ ಫೋಟೋಕ್ಕಲ್ಲ," ಎನ್ನುವುದು ಅವರ ನಿತ್ಯದ ಮಾತು.

ಅವರಿಗಿದ್ದ ಒಂದೇ ಚಟವೆಂದರೆ ಯಾವುದರದೇ ಆಗಲಿ ಒಳಮಗ್ಗುಲು ನೋಡುವುದು. ಕೋಟು ಕೈಗೆ ಸಿಕ್ಕರೆ ಮೊದಲು ತಿರುವಿ ಲೈನಿಂಗ್ ನೋಡಬೇಕು. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರಿನ ಹೊಲಿಗೆ ನೋಡುತ್ತ ಕೂತು, ಇಳಿಯಬೇಕಾದ ಸ್ಟಾಪನ್ನು ಹಿಂದೆ ಬಿಟ್ಟುಕೊಂಡದ್ದೂ ಉಂಟು.

ಇಂಥವರನ್ನು ಪರದೇಶಕ್ಕೆ ಹೊರಡಿಸಿದವನು ಹೆಂಡತಿಯ ತಮ್ಮ. ಅವನದು ಮೊಬೈಲ್ ಅಂಗಡಿ. ಮಾತಿನಲ್ಲಿ ಅವನನ್ನು ಮೀರಿಸಲು ಅವನ ಅಂಗಡಿಯ ಫೋನುಗಳಿಗೂ ಆಗುತ್ತಿರಲಿಲ್ಲ.

"ಭಾವ, ನೀವು ಪರದೇಶ ಅಂತ ನೋಡಿರೋದು ಬಟ್ಟೆ ಬಂಡಲಿನ ಮೇಲಿರೋ ಮೊಹರು ಮಾತ್ರ. ಅಕ್ಕನಿಗಾದ್ರೂ ಲೋಕ ತೋರಿಸಿ," ಎಂದು ಅವನು ಬೆನ್ನು ಹತ್ತಿದ. ಮೂಲೆಯಲ್ಲಿ ಅಕ್ಕನ ಕಾಜಾ ಹಾಕುವ ಕೈ ನಿಂತಿತು. ಕೆಲಸದ ನಡುವೆ ಆ ಕೈ ನಿಂತದ್ದನ್ನು ಮಾಸ್ತರು ಅದಕ್ಕೆ ಮೊದಲು ಕಂಡಿರಲಿಲ್ಲ. ಒಪ್ಪಿಬಿಟ್ಟರು.

ಮೂವರೂ ಅಲ್ಲಿ ಹೋಗಿ ಇಳಿದರೆ ಹಲ್ಲು ಕಟಕಟಿಸುವ ಚಳಿ. ಹೆಂಡತಿಗೊಂದು ಉಣ್ಣೆಯ ಕೋಟು ಕೊಂಡದ್ದಾಯಿತು. ಅಲ್ಲಿನ ಹೆಂಗಸರ ಕೈ ಉದ್ದವೋ, ಹೊಲಿದವನ ಟೇಪು ಉದ್ದವೋ, ತೋಳು ಬೆರಳು ದಾಟಿ ಜೋತುಬಿದ್ದಿತ್ತು.

"ಇರ್ಲಿ ಬಿಡಿ. ಗ್ಲೌಸ್ ಕೊಳ್ಳೋದು ತಪ್ಪಿತು," ಎಂದಳು ಹೆಂಡತಿ.

"ನಾನು ಪಕ್ಕದಲ್ಲಿ ನಡೀತಾ ಇರೋವಾಗ ನೀನು ಈ ತೋಳು ಹಾಕ್ಕೊಂಡು ಬೀದಿಗೆ ಬರೋ ಹಾಗಿಲ್ಲ."

"ಇಲ್ಲಿ ನಿಮ್ಮನ್ನ ಟೈಲರ್ ಅಂತ ಯಾರು ಕಂಡಿದಾರೆ?"

"ನಾನು ಕಂಡಿದೀನಲ್ಲ."

ಮರುದಿನ ಬೆಳಗ್ಗೆ, ತಿಂಡಿಗೂ ಮೊದಲು, ಹೋಟೆಲ್ ರೂಮಿನ ಕನ್ನಡಿಯೆದುರು ಹೆಂಡತಿಯನ್ನು ನಿಲ್ಲಿಸಿ ಮಾಸ್ತರು ತೋಳು ಮಡಚತೊಡಗಿದರು. ಗುಂಡುಸೂಜಿಗಳು ಎಂದಿನಂತೆ ತುಟಿಗಳ ನಡುವೆ. ಎರಡು ಕೈಗೂ ಕೆಲಸವಿರುವಾಗ ಇನ್ನೆಲ್ಲಿಡುವುದು? ಸೂಜಿ ಕಚ್ಚಿಕೊಂಡೇ ಅವರು ಹ್ಞೂಂ ಎನ್ನಬಲ್ಲರು, ಉಹ್ಞೂಂ ಎನ್ನಬಲ್ಲರು, ಬೇಕಿದ್ದರೆ ಗಿರಾಕಿಯನ್ನು ಗದರಬಲ್ಲರು. ನಗುವುದೊಂದು ಅಭ್ಯಾಸವಿರಲಿಲ್ಲ. ಅದಕ್ಕೆ ಗಿರಾಕಿಗಳು ಅವಕಾಶ ಕೊಟ್ಟದ್ದಿಲ್ಲ.

ಆಗ ಬಾಗಿಲು ತೆರೆದು ಭಾವಮೈದುನ ಒಳಗೆ ಬಂದ. ತಲೆಗೆ ಹೊಸದೊಂದು ತುಪ್ಪಳದ ಟೋಪಿ, ಕಿವಿಯ ಮೇಲೆ ಎರಡು ದೊಡ್ಡ ಪಟ್ಟಿ, ಗಲ್ಲದ ಕೆಳಗೆ ಗಂಟು.

"ಭಾವ, ಹೆಂಗೆ ಕಾಣ್ತಿದೀನಿ?"

ಕರಡಿಗೆ ಹಲ್ಲುನೋವು ಬಂದಂತೆ ಕಾಣುತ್ತಿದ್ದ. ಮಾಸ್ತರಿಗೆ ಒಳಗಿಂದ ನಗು ಉಕ್ಕಿತು. ನಗಲು ಉಸಿರೆಳೆದುಕೊಂಡರು, ಉಸಿರಿನ ಜೊತೆಗೆ ಸಣ್ಣಗೆ, ತಣ್ಣಗೆ ಏನೋ ಒಳಗಿಳಿಯಿತು.

ಮಿಕ್ಕ ಸೂಜಿಗಳನ್ನು ಅಂಗೈಗೆ ಉಗಿದುಕೊಂಡು ಅವರು ಮಂಚದ ಮೇಲೆ ಕೂತರು. "ಒಂದು ನುಂಗಿದೆ ಅಂತ ಕಾಣುತ್ತೆ."

"ಬಾಯಲ್ಲಿ ಎಷ್ಟಿತ್ತು?" ಎಂದಳು ಹೆಂಡತಿ.

"ಎಣಿಸಿ ಬಾಯಿಗೆ ಹಾಕ್ಕೊಳ್ಳೋಕೆ ಅದೇನು ಮಾತ್ರೆನಾ?"

ಅಕ್ಕ ತಮ್ಮ ಇಬ್ಬರೂ ಮೊಣಕಾಲೂರಿ ನೆಲದ ಕಾರ್ಪೆಟ್ಟನ್ನೆಲ್ಲ ತಡವಿದರು. ಯಾರದೋ ಹಳೆಯ ಹೇರ್‌ಪಿನ್ ಸಿಕ್ಕಿತು, ಗುಂಡುಸೂಜಿ ಸಿಗಲಿಲ್ಲ. ಅಷ್ಟರಲ್ಲಿ ಭಾವಮೈದುನ ಫೋನಿನಲ್ಲಿ ನುಂಗಿದ ಸೂಜಿಗಳ ಬಗ್ಗೆ ಓದಲು ಶುರುಮಾಡಿದ್ದ. ಓದುತ್ತ ಓದುತ್ತ ಮುಖ ಸಣ್ಣದಾಯಿತು.

"ಏನಂತೆ?" ಎಂದು ಅಕ್ಕ ಕೇಳಿದಳು.

"ಏನಿಲ್ಲ. ಟ್ಯಾಕ್ಸಿ ಕರೀತೀನಿ."

ಆಸ್ಪತ್ರೆ ಮಾಸ್ತರಿಗೆ ಆಸ್ಪತ್ರೆಯಂತೆ ಕಾಣಲೇ ಇಲ್ಲ. ಗದ್ದಲವಿಲ್ಲ, ಬಾಗಿಲಿಗೆ ಮುಗಿಬಿದ್ದವರಿಲ್ಲ. ನೆಲದ ಮೇಲೆ ಬಣ್ಣಬಣ್ಣದ ಗೆರೆ ಎಳೆದಿದ್ದಾರೆ, ತನಗೆ ಹೇಳಿದ ಬಣ್ಣ ಹಿಡಿದು ನಡೆಯುತ್ತ ಹೋಗಬೇಕು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ಮಾಸ್ತರಿಗೆ ಇದು ಬಹಳ ಹಿಡಿಸಿತು. ಹಳದಿ ಗೆರೆ ಅವರದು. ನೀಲಿ ಗೆರೆ ಎಲ್ಲಿಗೆ ಹೋಗುತ್ತದೆಂದು ನೋಡಲು ನಾಲ್ಕು ಹೆಜ್ಜೆ ಅತ್ತ ಹೋದವರನ್ನು ಹೆಂಡತಿ ಕೋಟು ಹಿಡಿದು ಎಳೆದು ತಂದಳು.

ಭಾಷೆ ಬಾರದ ಸಮಸ್ಯೆಯನ್ನು ಭಾವಮೈದುನನ ಫೋನು ಬಗೆಹರಿಸಿತು. ಇವರು ಮಾತಾಡಿದರೆ ಅದು ಅವರ ಭಾಷೆಯಲ್ಲಿ ಹೇಳುವುದು, ಅವರು ಮಾತಾಡಿದರೆ ಇವರ ಭಾಷೆಯಲ್ಲಿ. ಅದರ ಕನ್ನಡ ಮಾತ್ರ ಸನ್ಮಾನ ಸಮಾರಂಭದ ಭಾಷಣದ್ದು.

ಮೊದಲು ಒಬ್ಬ ನರ್ಸು ಅವರೆದುರು ಸಾಲಾಗಿ ಮುಖಗಳನ್ನು ಬರೆದ ಹಲಗೆ ಹಿಡಿದಳು. ಈ ತುದಿಯದು ನಗುತ್ತಿತ್ತು, ಆ ತುದಿಯದು ಕಣ್ಣೀರು ಹಾಕುತ್ತಿತ್ತು.

"ಮಾನ್ಯರೇ, ತಮ್ಮ ವೇದನೆಗೆ ಹೋಲುವ ಮುಖವನ್ನು ದಯಮಾಡಿ ಸೂಚಿಸಿರಿ," ಎಂದಿತು ಫೋನು.

ಮಾಸ್ತರಿಗೆ ನೋವೇನೂ ಇರಲಿಲ್ಲ. ಬೆರಳು ನಗುವ ಮುಖದ ಕಡೆ ಹೊರಟಿತು.

"ರೀ, ಅಳೋದನ್ನ ತೋರಿಸ್ರಿ," ಎಂದು ಹೆಂಡತಿ ಪಕ್ಕೆ ತಿವಿದಳು. "ನಗ್ತಾ ಇದ್ರೆ ವಾಪಸ್ ಕಳಿಸಿಬಿಡ್ತಾರೆ. ದೇಶ ಬಿಟ್ಟು ಬಂದ್ರೂ ಬುದ್ಧಿ ಬರ್ಲಿಲ್ಲ."

ಫೋನು ಇದನ್ನೂ ಬಿಡದೆ ಅನುವಾದಿಸಿತು. ನರ್ಸು ನಗು ಅದುಮಿಕೊಂಡು ಮಧ್ಯದ ಒಂದು ಮುಖಕ್ಕೆ ಗುರುತು ಹಾಕಿಕೊಂಡಳು.

ಆಮೇಲೆ ಮಾಸ್ತರನ್ನು ಪರದೆಯ ಹಿಂದೆ ಕಳಿಸಿ, ಬಟ್ಟೆಯೆಲ್ಲ ಬಿಚ್ಚಿ ಹಾಕಿಕೊಳ್ಳಲು ಒಂದು ನಿಲುವಂಗಿ ಕೊಟ್ಟರು. ಅದನ್ನು ಬಿಡಿಸಿ ಹಿಡಿದ ಮಾಸ್ತರು ಬೆಚ್ಚಿದರು. ಮುಂದೆ ಸರಿಯಾಗಿದೆ. ತೋಳಿದೆ, ಜೇಬೂ ಇದೆ. ಹಿಂದೆ ಕುತ್ತಿಗೆಯಿಂದ ಕೆಳತನಕ ಬಾಯಿ ಬಿಟ್ಟುಕೊಂಡಿದೆ. ಯಾರೋ ಟೈಲರ್ ಬೆನ್ನು ಹೊಲಿಯುವುದನ್ನೇ ಮರೆತು ಕಳಿಸಿಬಿಟ್ಟಿದ್ದಾನೆ. ಪಾಪ, ಸಗಟು ಮಾಲು, ಅವಸರದ ಕೆಲಸ, ಆಗುತ್ತದೆ. ಇದ್ದ ಮರ್ಯಾದೆಯಲ್ಲಿ ಅರ್ಧ ಬಿಟ್ಟು ಹೋಗಲು ಇವರು ಸಿದ್ಧರಿರಲಿಲ್ಲ. ಬಿಚ್ಚಿಟ್ಟ ಅಂಗಿಯ ಕಾಲರಿನಡಿ ದಾರ ಪೋಣಿಸಿದ ಒಂದು ಸೂಜಿ ಸದಾ ಇರುತ್ತದೆ. ತೆಗೆದು, ಕುರ್ಚಿಯ ಮೇಲೆ ಕೂತು, ಬೆನ್ನಿನುದ್ದಕ್ಕೂ ಸರಸರನೆ ಕಚ್ಚಾ ಹೊಲಿಗೆ ಹಾಕಿದರು. ತಲೆಯ ಮೇಲಿಂದ ತೊಟ್ಟುಕೊಂಡು, ಸೂಜಿಯನ್ನು ಕೆಲಸ ಮುಗಿದಾಗ ಸಿಕ್ಕಿಸುವ ಜಾಗದಲ್ಲಿ, ಎಡ ಎದೆಯ ಬಟ್ಟೆಗೆ, ಸಿಕ್ಕಿಸಿ ಎಕ್ಸ್‌ರೇ ಕೋಣೆಗೆ ಗೌರವದಿಂದ ನಡೆದರು.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದರು. ಗಿಡ್ಡ ಕೂದಲಿನ, ಚುರುಕು ಕಣ್ಣಿನ ಹೆಂಗಸು. ಒಳಗೆ ಬರುವಾಗಲೇ ಮುಖ ಗಂಭೀರವಾಗಿತ್ತು. ಗೋಡೆಯ ಪರದೆಯ ಮೇಲೆ ಚಿತ್ರ ತೋರಿಸಿದರು. ಮಾಸ್ತರ ಪಕ್ಕೆಲುಬುಗಳ ನಡುವೆ, ಎದೆಗುಂಡಿಗೆಯ ಮೇಲೆಯೇ ಎನ್ನುವಂತೆ, ಬೆಳ್ಳಗೆ, ಉದ್ದಕ್ಕೆ ಒಂದು ಗೆರೆ.

"ತಾವು ನುಂಗಿದ್ದು ಗುಂಡುಸೂಜಿ ಎಂದಿರಿ," ಎಂದಿತು ಫೋನು. "ಆದರೆ ಇದಕ್ಕೆ ಕಣ್ಣಿದೆ."

ಹೆಂಡತಿ ಬಾಯಿಗೆ ಕೈ ಹಿಡಿದಳು. ಭಾವಮೈದುನ ಗೋಡೆಗೊರಗಿದ. ಮಾಸ್ತರು ಮಾತ್ರ ಕತ್ತು ಮುಂದೆ ಚಾಚಿ ಚಿತ್ರವನ್ನು ಹತ್ತಿರದಿಂದ ನೋಡಿದರು. ತಮ್ಮ ಎಲುಬುಗಳನ್ನು ನೋಡುವುದು ಮೊದಲ ಸಲ. ಎಡಕ್ಕೂ ಬಲಕ್ಕೂ ಎಷ್ಟು ಸರಿಯಾಗಿ ಜೋಡಿಸಿದ್ದಾರೆ ಎಂದು ಮೆಚ್ಚುತ್ತಲೇ ಆ ಗೆರೆಯ ಹತ್ತಿರ ಬಂದರು.

"ಇದು ನಮ್ಮ ಸೂಜಿ ಅಲ್ವೇನೇ?"

ತಲೆ ತಗ್ಗಿಸಿ ಎದೆ ನೋಡಿಕೊಂಡರು. ಸೂಜಿ ದಾರ ಸಮೇತ ಅಲ್ಲೇ ಇತ್ತು. ಮೆತ್ತಗೆ ಕಿತ್ತು, ಕದ್ದ ಮಾಲು ಒಪ್ಪಿಸುವವರಂತೆ ಡಾಕ್ಟರಮ್ಮನ ಮುಂದೆ ಹಿಡಿದರು. ನರ್ಸು ಅವರನ್ನು ಹಿಂದಕ್ಕೆ ತಿರುಗಿಸಿ ಬೆನ್ನಿನ ಹೊಲಿಗೆ ತೋರಿಸಿದಳು. ಡಾಕ್ಟರಮ್ಮ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೆನ್ನು ತೆರೆದಿರುವುದು ಮರೆವಿನಿಂದಲ್ಲ, ಮಲಗಿದ ರೋಗಿಯನ್ನು ಏಳಿಸದೆ ತೊಡಿಸಲು, ಬಿಚ್ಚಲು ಬೇಕೆಂದೇ ಹಾಗೆ ಹೊಲಿಯುತ್ತಾರೆ ಎಂದು ಫೋನು ವಿವರಿಸಿತು.

"ಮೂವತ್ತು ವರ್ಷದ ಅನುಭವ," ಎಂದ ಭಾವಮೈದುನ.

"ನೀನು ಟೋಪಿ ಬಿಚ್ಚಿ ಮಾತಾಡಯ್ಯಾ," ಎಂದರು ಮಾಸ್ತರು.

ಎಲ್ಲರಿಗೂ ಉಸಿರು ಬಂತು. ನುಂಗಿದ್ದೆಲ್ಲ ಬರೀ ಭ್ರಮೆ ಎಂದೇ ಹೆಂಡತಿ ಬಟ್ಟೆ ಮಡಚಿ ಹೊರಡಲು ಸಿದ್ಧಳಾದಳು. ಆದರೆ ಡಾಕ್ಟರಮ್ಮ ಹೊಟ್ಟೆಯದೂ ಒಂದು ಚಿತ್ರ ತೆಗೆಸಿದರು. ಅದು ಬಂದಾಗ ಯಾರೂ ನಗಲಿಲ್ಲ. ಕೆಳಗೆ, ಹೊಟ್ಟೆಯ ನಡುವೆ, ಪುಟ್ಟ ತಲೆಯ ಗುಂಡುಸೂಜಿ ಅಡ್ಡಡ್ಡ ಮಲಗಿತ್ತು. ಈ ಸಲ ಅಂಗಿಯ ಮೇಲೆ ಏನೂ ಇರಲಿಲ್ಲ.

ಸೂಜಿ ಇನ್ನೂ ಜಠರದಲ್ಲೇ ಇದೆ, ಈಗಲೇ ಬಾಯಿಂದ ನಳಿಕೆ ಇಳಿಸಿದರೆ ಹಿಡಿದು ತೆಗೆಯಬಹುದು. ಕರುಳಿಗೆ ಜಾರಿ, ಅಲ್ಲೆಲ್ಲಾದರೂ ಚುಚ್ಚಿಕೊಂಡಿತೆಂದರೆ ಹೊಟ್ಟೆ ಕೊಯ್ಯಬೇಕಾದೀತು. ಇದು ಡಾಕ್ಟರಮ್ಮ ಹೇಳಿದ್ದು. ಫೋನು "ಉದರಚ್ಛೇದನ" ಎಂದಿತು. ಪದ ಕೇಳಿಯೇ ಹೆಂಡತಿ ಮಡಚಿದ ಬಟ್ಟೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿದಳು.

"ಬೇಡ. ನಮ್ಮೂರಿಗೆ ಹೋಗಿ ಮಾಡ್ಸೋಣ. ಇಲ್ಲಿ ಏನಾದ್ರೂ ಆದ್ರೆ ನಾನು ಯಾರ ಹತ್ರ ಅಂತ ಅಳ್ಲಿ? ಅತ್ರೂ ಆ ಫೋನಿಗೆ ಹೇಳಿ ಅಳ್ಬೇಕು."

ಭಾವಮೈದುನ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದ. ಮಾಸ್ತರು ಹೆಂಡತಿಯ ಕೈ ಹಿಡಿದುಕೊಂಡರು. ಬೇರೆಯವರೆದುರು ಹಿಡಿದು ಅಭ್ಯಾಸವಿಲ್ಲದ್ದರಿಂದ ಮಣಿಕಟ್ಟಿನ ಅಳತೆ ತೆಗೆಯುವವರ ಹಾಗೆ ಹಿಡಿದಿದ್ದರು.

"ಊರಿಗೆ ಹೋಗೋ ತನಕ ಅದು ಸುಮ್ನೆ ಕೂತಿರುತ್ತೇನೇ? ಇಲ್ಲೇ ಆಗ್ಲಿ."

ತಿಂಡಿ ತಿಂದಿದ್ದೀರಾ ಎಂದು ಡಾಕ್ಟರಮ್ಮ ಕೇಳಿದರು. ಬೆಳಗಿನಿಂದ ಹಸಿದುಕೊಂಡಿದ್ದಾರೆ ಎಂದು ಹೆಂಡತಿ ದುಃಖದಿಂದ ಹೇಳಿದಾಗ, ಖಾಲಿ ಹೊಟ್ಟೆಯೇ ಬೇಕಿದ್ದ ಡಾಕ್ಟರಮ್ಮನ ಮುಖ ಅರಳಿತು. ಗಂಡ ಹಸಿದಿದ್ದಾನೆಂದು ಇನ್ನೊಬ್ಬ ಹೆಂಗಸು ಸಂತೋಷಪಟ್ಟದ್ದನ್ನು ಕಂಡು ಹೆಂಡತಿ ಅಳು ಮರೆತು ಆಕೆಯನ್ನೇ ನೋಡಿದಳು. ನಿದ್ದೆಗೆ ಮದ್ದು ಕೊಡುತ್ತೇವೆ, ಏನೂ ತಿಳಿಯುವುದಿಲ್ಲ ಎಂದಿತು ಫೋನು.

"ತಿಳೀದಿದ್ರೆ ಹೇಗೆ?" ಎಂದರು ಮಾಸ್ತರು. "ಒಳಗೆ ಟೀವಿಲಿ ಕಾಣುತ್ತಂತಲ್ಲ. ನಾನೂ ನೋಡ್ಬಹುದಾ ಕೇಳು."

"ಅದೇನು ಸಿನಿಮಾನಾ?" ಎಂದಳು ಹೆಂಡತಿ.

"ಮತ್ತೆ ಯಾವಾಗ ನೋಡ್ತೀನಿ ಹೇಳು."

ಗಂಟಲಿಗೆ ಮದ್ದು ಸಿಂಪಡಿಸಿ ಎಚ್ಚರದಲ್ಲೇ ಮಾಡಬಹುದು, ಆದರೆ ಕದಲಕೂಡದು ಎಂದು ಡಾಕ್ಟರಮ್ಮ ಒಪ್ಪಿದರು. ಗಿರಾಕಿಗಳಿಗೆ ಮಾಸ್ತರು ಹೇಳುತ್ತ ಬಂದದ್ದೂ ಇದನ್ನೇ.

ಎಡಮಗ್ಗುಲಿಗೆ ಮಲಗಿಸಿದರು. ಗಂಟಲು ಜೋಮು ಹಿಡಿದು ತನ್ನದಲ್ಲದಂತಾಯಿತು. ಹಲ್ಲುಗಳ ನಡುವೆ ಬಳೆಯಂಥ ಒಂದು ಪ್ಲಾಸ್ಟಿಕ್ ಉಂಗುರ ಕಚ್ಚಿಸಿ, ಅದರೊಳಗಿಂದ ಕಪ್ಪು ನಳಿಕೆ ಇಳಿಸಿದರು. ಮೊದಲಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ತುಂಬಿತು. ಇದೆಲ್ಲ ಬೇಕಿತ್ತೇ, ನಿದ್ದೆ ಮಾಡಬಹುದಿತ್ತು ಎನ್ನಿಸಿತು. ನರ್ಸು ಕಣ್ಣೊರೆಸಿದಳು. ಎದುರಿನ ಪರದೆ ಸ್ಪಷ್ಟವಾಯಿತು, ಮಾಸ್ತರು ಓಕರಿಕೆ ಮರೆತರು.

ಎಷ್ಟೋ ಹೊಟ್ಟೆಗಳನ್ನು ಹೊರಗಿನಿಂದ ಅಳೆದವರ ಮುಂದೆ ತಮ್ಮದೇ ಹೊಟ್ಟೆಯ ಒಳಮಗ್ಗುಲು ಬೆಳಕು ಬಿಟ್ಟುಕೊಂಡು ತೆರೆದಿತ್ತು. ಒದ್ದೆಯಾಗಿ ಹೊಳೆಯುವ ಲೈನಿಂಗ್. ಸ್ಯಾಟಿನ್ ಕೂಡ ಹೀಗೆ ಹೊಳೆಯದು. ಉದ್ದುದ್ದಕ್ಕೆ ನೆರಿಗೆ, ದಪ್ಪ ನೆರಿಗೆ, ಊಟ ಬಿದ್ದರೆ ಬಿಡಿಸಿಕೊಳ್ಳಲು ಮುಂಚಿತವಾಗಿಯೇ ಬಿಟ್ಟ ಬಟ್ಟೆ. ಜೋಡಣೆ ಎಲ್ಲಿ ಎಂದು ಹುಡುಕಿದರು, ಕಾಣಲಿಲ್ಲ. ಇಡೀ ಚೀಲಕ್ಕೆ ಒಂದು ಹೊಲಿಗೆಯಿಲ್ಲ.

ಎರಡು ನೆರಿಗೆಗಳ ನಡುವೆ ಸೂಜಿ ಮಿನುಗಿತು. ಮೊನೆ ಮೇಲ್ಮುಖ. ನಳಿಕೆಯ ತುದಿಯಿಂದ ಪುಟ್ಟ ಚಿಮಟ ಹೊರಬಂದು ಬಾಯಿ ತೆರೆಯಿತು. ಮುಟ್ಟುವಷ್ಟರಲ್ಲಿ ಹೊಟ್ಟೆ ಅಲೆಯಂತೆ ಕದಲಿ, ಸೂಜಿ ಜಾರಿ ಕೆಳದಾರಿಯ ಸಣ್ಣ ಬಾಯಿಯ ಹತ್ತಿರ ಹೋಯಿತು. ಡಾಕ್ಟರಮ್ಮ ಏನೋ ಚುಟುಕಾಗಿ ಹೇಳಿದರು. ನರ್ಸಿನ ಕೈ ಮಾಸ್ತರ ಭುಜ ಒತ್ತಿತು. ಆ ಬಾಯಿ ಒಮ್ಮೆ ತೆರೆದು ಮುಚ್ಚುವುದು ಪರದೆಯಲ್ಲಿ ಕಾಣುತ್ತಿತ್ತು. ಅದರಾಚೆ ಹೋದರೆ ಕೊಯ್ಯುವುದೇ. ಮೈಯ ಮೇಲಿನ ತಮ್ಮ ಅಧಿಕಾರವನ್ನೆಲ್ಲ ಒಟ್ಟುಗೂಡಿಸಿ ಮಾಸ್ತರು ಹೊಟ್ಟೆಗೆ ಹೇಳಿದರು: ಅಲ್ಲಾಡಬೇಡವೋ ಮಾರಾಯ. ಹೊಟ್ಟೆ ಅವರ ಮಾತು ಕೇಳಿದಂತೇನೂ ಕಾಣಲಿಲ್ಲ. ಡಾಕ್ಟರಮ್ಮ ಕಾದರು. ಅಲೆ ಇಳಿಯಿತು. ಚಿಮಟ ಬಂದು, ಸೂಜಿಯ ನಡುವನ್ನು ಮೆಲ್ಲಗೆ ತಳ್ಳಿ, ಮೊನೆ ಆಚೆ ಹೋಗುವಂತೆ ತಿರುಗಿಸಿ, ತಲೆ ಹಿಡಿಯಿತು. ನೆರಿಗೆಗಳು ಹಿಂದೆ ಹಿಂದೆ ಸರಿದವು. ಲೋಹದ ಬಟ್ಟಲಲ್ಲಿ ಟಿಣ್ ಎಂದಿತು.

ಹೆಂಡತಿ ಒಳಗೆ ಬಂದಾಗ ಮಾಸ್ತರು ಮಂಚದ ಮೇಲೆ ಒರಗಿ ಕೂತಿದ್ದರು. ಗಂಟಲ ಜೋಮು ಬಿಡುವ ತನಕ ತಿನ್ನಬಾರದು, ಮಾತು ಬೇಡ ಎಂದಿದ್ದರು.

"ಬಂತಾ?"

ತಲೆಯಾಡಿಸಿದರು.

"ಎಲ್ಲೂ ಚುಚ್ಚಿಲ್ವಾ? ರಕ್ತ ಗಿಕ್ತ?"

ಇಲ್ಲವೆಂದು ಕೈಯಾಡಿಸಿದರು. ಆಕೆ ಮಂಚದ ಅಂಚಿನಲ್ಲಿ ಧೊಪ್ಪನೆ ಕೂತು ಬೈಯಲು ಶುರುಮಾಡಿದಳು. ಬಾಯಿ ಅಂದ್ರೆ ಡಬ್ಬಿನಾ, ನಾನೇನಾಗ್ಬೇಕಿತ್ತು, ಕಂಡೋರ ದೇಶದಲ್ಲಿ. ಮಾಸ್ತರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವರಿಗೆ ಹೇಳಬೇಕಾದ್ದಿತ್ತು. ಹೊದಿಕೆಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಉದ್ದುದ್ದಕ್ಕೆ ನೆರಿಗೆ ಹಿಡಿದರು, ಒಂದರ ಪಕ್ಕ ಒಂದು. ಆಮೇಲೆ ತಮ್ಮ ಹೊಟ್ಟೆ ತೋರಿಸಿದರು.

ಬೈಗುಳ ನಿಧಾನವಾಯಿತು.

"ಒಳಗೆ ಹಿಂಗಿದೆಯಾ?"

ಹೌದೆಂದು ತಲೆ ಹಾಕಿದರು.

"ಇಷ್ಟೊಂದು ನೆರಿಗೆನಾ? ಎಲ್ಲರಿಗೂನಾ, ನಿಮಗೆ ಮಾತ್ರನಾ?" ಆಕೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. "ಬಣ್ಣ?"

ಮಾಸ್ತರು ಕೋಣೆಯಲ್ಲೆಲ್ಲ ಕಣ್ಣಾಡಿಸಿದರು. ಪರದೆ ಹಸಿರು, ಗೋಡೆ ಬಿಳುಪು, ನರ್ಸಿನ ಉಡುಪು ನೀಲಿ. ಮ್ಯಾಚಿಂಗ್ ಸಿಗಲಿಲ್ಲ. ಕೊನೆಗೆ ತಮ್ಮ ಕೆಳತುಟಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಮಗುಚಿ ತೋರಿಸಿದರು.

ಹೆಂಡತಿ ಅವರ ಗಲ್ಲವನ್ನು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ದಾರದುಂಡೆ ಆರಿಸುವಾಗಿನ ಕಣ್ಣಿನಿಂದ ಹತ್ತಿರ ಬಗ್ಗಿ ನೋಡಿದಳು.

"ಇನ್ನೊಂದ್ ಸ್ವಲ್ಪ ಬಾಯಿ ತೆಗೀರಿ," ಎಂದಳು.